ದೀಪದ ಕಥೆ ಹೇಳಿದ ತಾಯಿಗೆ

ಕಳೆದ ಮಳೆಗಾಲದಲ್ಲಿ ಗಂಗಾವತಿಯಿಂದ ಕೊಪ್ಪಳಕ್ಕೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತಿದ್ದ, ಹೆಸರು ಕೇಳಲೂ ನನಗೆ ತೋಚದ ಆ ಹಿರಿಯ ತಾಯಿಗೆ ಈ ಮೂಲಕ ಧನ್ಯವಾದ ಅರ್ಪಿಸುತ್ತೇನೆ. ನನ್ನ ಕೈಯಲ್ಲಿ ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕವಿತ್ತು, ಮನೆಮನೆಯ ದೀಪಗಳು ಆರಿದ ಮೇಲೆ ಅವುಗಳ ಜ್ವಾಲೆಗಳು ಪಾಳುಗುಡಿಯಲ್ಲಿ ಸೇರಿ ಹರಟುವ ಅದರ ಆರಂಭವನ್ನು ನಾನು ಬರಿಯ ರಂಗಚಮತ್ಕಾರವೆಂದೇ ಬಗೆದಿದ್ದೆ. ಅಷ್ಟನ್ನು ನಾನು ಹೇಳುತ್ತಲೇ ಅವರು ಎಲೆಅಡಿಕೆಯ ಸಂಚಿಯ ದಾರ ಬಿಗಿದು, “ಅದು ನಮ್ಮವ್ವ ಹೇಳ್ತಿದ್ದ ಕಥಿ, ತಮ್ಮಾ” ಎಂದರು.

ಗೊತ್ತಿದ್ದ ಕಥೆಯನ್ನೂ ಹಾಡನ್ನೂ ಯಾರಿಗೂ ಹೇಳದ ಹೆಂಗಸೊಬ್ಬಳು ಮಲಗಿದ್ದಾಗ, ಉಸಿರುಗಟ್ಟಿದ ಅವೆರಡೂ ಬಾಯಿಂದ ಹೊರಬಿದ್ದು, ಒಂದು ಬಾಗಿಲ ಹೊರಗೆ ಕೆರವಾಗಿ, ಇನ್ನೊಂದು ಗೂಟದ ಮೇಲೆ ಅಂಗಿಯಾಗಿ, ಗಂಡನಲ್ಲಿ ಸಂಶಯ ಹುಟ್ಟಿಸಿದವಂತೆ. ಜಗಳವಾಡಿ ಹನುಮಪ್ಪನ ಗುಡಿಯಲ್ಲಿ ಮಲಗಿದ ಅವನಿಗೆ, ತಡವಾಗಿ ಬಂದ ಅವನ ಮನೆಯದೇ ದೀಪದ ಮಾತಿನಿಂದ ನಿಜ ತಿಳಿಯಿತಂತೆ. (ಕವಿ, ಜಾನಪದ ವಿದ್ವಾಂಸ ಎ. ಕೆ. ರಾಮಾನುಜನ್ ಸಂಗ್ರಹಿಸಿದ ಕಥೆಯೂ ಇದೇ. ಕಾರ್ನಾಡರ ನಾಟಕಕ್ಕೆ ಮೂಲವಾದ ಜನಪದ ಕಥೆಗಳು ದೊರೆತದ್ದು ಅವರಿಂದಲೇ.) ಗಂಡ ಬಂದು ಕೇಳಿದಾಗ ಹೆಂಡತಿಗೆ ಎರಡೂ ಮರೆತಿದ್ದವು. ಇಲ್ಲಿಗೆ ಬಂದಾಗ ಆ ತಾಯಿ ಸುಮ್ಮನಾದರು, ಮತ್ತು ಮಾಯೆ ಇರುವುದು ಮಾತಾಡುವ ದೀಪದಲ್ಲಲ್ಲ, ನುಂಗಿಕೊಂಡ ಮಾತಿನಲ್ಲಿ ಎಂದು ನನಗೆ ಹೊಳೆದದ್ದು ಆ ಮೌನದಲ್ಲಿಯೇ. ನಿಮ್ಮ ಅವ್ವನ ಹಾಡು ನಿಮಗೆ ನೆನಪಿದೆಯೇ ಎಂದು ನಾನು ಕೇಳುವ ಮೊದಲೇ ಅವರು ಸಂಚಿ ಸಿಕ್ಕಿಸಿಕೊಂಡು ಇಳಿದುಹೋದರು.