ಅಮ್ಮಾ, ಅದು ಚರ್ಮರೋಗ ಅಲ್ಲ

ಟಾಂಪೆರೆ, ಫೆಬ್ರವರಿ 9

ಅಮ್ಮಾ,

ನಾನು ಚೆನ್ನಾಗಿದ್ದೇನೆ. ಅಪ್ಪನ ಬಿಪಿ ಮಾತ್ರೆ ತಪ್ಪದ ಹಾಗೆ ನೋಡಿಕೋ.

ನಿನ್ನ ಉದ್ದದ ಮೆಸೇಜು ಓದಿದೆ. ಫೋನಲ್ಲಿ ಹೇಳಿದರೆ ಮಧ್ಯದಲ್ಲೇ ಅಳ್ತೀಯ, ಅದಕ್ಕೆ ಬರೀತಿದ್ದೇನೆ. ವಿಡಿಯೋ ಕಾಲ್‌ನಲ್ಲಿ ನನ್ನ ತೋಳಿನ ಮೇಲೆ ನೀನು ನೋಡಿದ ಕೆಂಪು ರೋಗ ಅಲ್ಲ. ಆಗಷ್ಟೇ ಸೌನಾದಿಂದ, ಅಂದರೆ ಇಲ್ಲಿನವರು ಕೂತು ಬೆವರುವ ಬಿಸಿ ಕೋಣೆಯಿಂದ, ಎದ್ದು ಬಂದಿದ್ದೆ. ಬಿಸಿಗೆ ಚರ್ಮದ ರಕ್ತನಾಳ ಹಿಗ್ಗಿ ಬಲೆ ಬಲೆಯಾಗಿ ಕೆಂಪಾಗುತ್ತದೆ, ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಅದನ್ನು ದೊಡ್ಡಮ್ಮನ ಕಿವಿಗೂ ಹಾಕಿದ್ದೀಯಲ್ಲ, ಇನ್ನು ಶಿವಮೊಗ್ಗದ ಗಂಡಿನ ಕಡೆಯವರಿಗೆ ಮುಟ್ಟೋಕೆ ಎಷ್ಟು ಹೊತ್ತು?

ಈ ಫಿನ್‌ಲ್ಯಾಂಡ್ ದೇಶದ ಜನ 55 ಲಕ್ಷ, ಸೌನಾಗಳು 30 ಲಕ್ಷ! ಈ ಟಾಂಪೆರೆ ಊರಲ್ಲೇ 1906ರದ್ದೊಂದು ಇನ್ನೂ ನಡೀತಿದೆ. ಮರದ ಕೋಣೆ, ಒಲೆ ಮೇಲೆ ಕಲ್ಲು. ಕಲ್ಲಿಗೆ ಸೌಟಿನಲ್ಲಿ ನೀರು ಹಾಕಿದರೆ ಚೊಂಯ್ ಅಂತ ಆವಿ ಏಳುತ್ತದೆ. ಒಳಗೆ 80 ಡಿಗ್ರಿ. ಬೆಂದುಹೋಗಲ್ಲಮ್ಮ, ಆವಿ ಎದ್ದರೂ ಗಾಳಿ ಬಹುಮಟ್ಟಿಗೆ ಒಣ, ಬೆವರೇ ಮೈ ತಣಿಸುತ್ತದೆ. ಪಕ್ಕದ ಮನೆ ಅಜ್ಜಿ ನೆನೆಸಿದ ಬರ್ಚ್ ಮರದ ಸೊಪ್ಪಿನ ಕಟ್ಟು ತಂದು ಬೆನ್ನಿಗೆ ಪಟಪಟ ಬಡಿದರು. ದೃಷ್ಟಿ ತೆಗೀತಿದ್ದಾರೇನೋ ಅಂದುಕೊಂಡೆ. ನಮ್ಮ ಕಟ್ಟಡದಲ್ಲಿ ಗುರುವಾರ ಏಳಕ್ಕೆ ಹೆಂಗಸರ ಸರದಿ, ಗಂಡಸರು ಆ ಕಡೆ ಬರಲ್ಲ. ಇದನ್ನೂ ದೊಡ್ಡಮ್ಮನಿಗೆ ಹೇಳು.

ಸೌನಾದಿಂದ ಮೈಬಣ್ಣ ತಿಳಿಯಾಗುತ್ತಾ ಅಂತ ಕೇಳಿದ್ದೀಯ. ಇಲ್ಲ. ಮೈಯ ವಿಷವೆಲ್ಲ ಬೆವರಲ್ಲಿ ಹೋಗುತ್ತದೆ ಅನ್ನೋದೂ ಸುಮ್ನೆ ಮಾತು, ಆ ಕೆಲಸ ಕಿಡ್ನಿ, ಲಿವರ್‌ದು. ಜರ್ಮನಿಯಲ್ಲಿ 2008ರಲ್ಲಿ ನಲವತ್ತು ಚಿಲ್ಲರೆ ಜನರನ್ನು ಪರೀಕ್ಷೆ ಮಾಡಿದ್ದರು. ರೂಢಿಯಾಗಿ ಸೌನಾ ಮಾಡುವವರ ಚರ್ಮ ತೇವ ಚೆನ್ನಾಗಿ ಹಿಡಿದಿಟ್ಟುಕೊಂಡಿತ್ತು, ಹಣೆಯ ಜಿಡ್ಡೂ ಕಡಿಮೆ ಇತ್ತು. ಆದರೆ ಅವರೆಲ್ಲ ಆರೋಗ್ಯವಾಗಿದ್ದವರು.

ನನಗೆ ಮೊಣಕೈ ಮಡಿಕೆಯ ಹಳೇ ಇಸುಬು ಮತ್ತೆ ಕೆರೀತಿದೆ. ಮುಚ್ಚಿಡಲ್ಲ. ಹೊರಗೆ ಕೊರೆಯುವ ಚಳಿ, ಒಳಗೆ ಹೀಟರು, ಚರ್ಮ ಒಣಗಿ ಬಿರುಕು ಬಿಡುತ್ತದೆ. ಬೆವರು ತಾಗಿದರೆ ಕೆರೆತ ಇನ್ನೂ ಜಾಸ್ತಿ. ಅದಕ್ಕೆ ಹತ್ತೇ ನಿಮಿಷಕ್ಕೆ ಎದ್ದು, ಉಗುರುಬೆಚ್ಚಗಿನ ನೀರು ಹುಯ್ದುಕೊಂಡು, ಮೈ ಹಸಿಯಿರುವಾಗಲೇ ಕ್ರೀಮ್ ಹಚ್ಚುತ್ತೇನೆ. ಡಾಕ್ಟರು ಉಜ್ಜಬೇಡ ಅಂದಿದ್ದಾರೆ, ಹಾಗಾಗಿ ನಿನ್ನ ಕಡ್ಲೆಹಿಟ್ಟು ಡಬ್ಬಿಯಲ್ಲೇ ಇದೆ. ತುಂಬಾ ಕಮ್ಮಿ ಆಗಿದೆ, ನಿಜವಾಗಲೂ. ನಿದ್ದೆಯೂ ಬರುತ್ತದೆ, ಊಟವೂ ಸೇರುತ್ತದೆ.

ಏಪ್ರಿಲ್‌ನಲ್ಲಿ ಶಿವಮೊಗ್ಗದವರು ಬಂದಾಗ ಇಸುಬಿನ ವಿಷಯ ನಾನೇ ಹೇಳುತ್ತೇನೆ. ತುಂಬುತೋಳಿನ ರವಿಕೆ ಹೊಲಿಸಬೇಡ.

ಬಸ್ಸಿಗೆ ಹೊತ್ತಾಯ್ತು. ಕೊಬ್ಬರಿ ಎಣ್ಣೆ ಕಳಿಸಬೇಡ, ಹೋದ ಸಲ ಸೋರಿ ಚಟ್ನಿಪುಡಿಯೆಲ್ಲ ಮುದ್ದೆಯಾಗಿತ್ತು. ಚಟ್ನಿಪುಡಿ ಮಾತ್ರ ಕಳಿಸು.

ನಿನ್ನ ಮಗಳು