ಫ್ಲೆಕ್ಸ್ ಹಿಂದಿನ ಬೋರ್ಡು

ಕೋಲಾರ, ಭಾನುವಾರ ರಾತ್ರಿ

ಚಿ॥ ರಮ್ಯಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕೆಲಸ, ಪಿಜಿ, ಊಟ ಎಲ್ಲ ನಿಮ್ಮಪ್ಪ ಹೇಳಿದ್ದಾನೆ, ಅದು ಬಿಡು. ಕಾಗದದ ಕೊನೆಗೆ ಒಂದು ಸಾಲು ಬರೆದೆಯಲ್ಲ, "ನಾನು ಮಾಡಿದ್ದು ಇನ್ನೈದು ವರ್ಷಕ್ಕೆ ಯಾವ ಕಂಪ್ಯೂಟರಲ್ಲೂ ಓಪನ್ ಆಗಲ್ಲ ದೊಡ್ಡಪ್ಪ" ಅಂತ, ನಾಲ್ಕು ದಿನದಿಂದ ಅದೇ ತಲೆಯಲ್ಲಿ ಕೊರೀತಿದೆ.

ಸುಳ್ಳು ಭಯ ಅನ್ನಲಾರೆ. 2020ರ ಡಿಸೆಂಬರ್ 31ಕ್ಕೆ ಅಡೋಬಿಯವರು ಕಂಪ್ಯೂಟರಲ್ಲಿ ಆಟ, ಓಡಾಡೋ ಚಿತ್ರ ತೋರಿಸೋ ಫ್ಲ್ಯಾಶ್ ಸಾಫ್ಟ್‌ವೇರ್ ನಿಲ್ಲಿಸಿದ ಮೇಲೆ ನಿಮ್ಮ ಮೇಡಂ ಓದುವಾಗ ಮಾಡಿದ್ದ ಪ್ರಾಜೆಕ್ಟೇ ತೆರೆಯಲಿಲ್ಲ ಅಂತೀಯ. ಗೋಡೆ ಮೇಲೆ ಹಕ್ಕಿ ಹಾರಿಸೋ ನಿನ್ನ ಕಂಪ್ಯೂಟರ್ ಚಿತ್ರಕ್ಕೆ ಬೇಕಾದ, ಎದುರು ನಿಂತವರ ಅಲುಗಾಟ ಗುರುತಿಸೋ ಕಿನೆಕ್ಟ್ ಕ್ಯಾಮೆರಾ ತಯಾರಿಸೋದನ್ನು 2017ರಲ್ಲೇ ಬಿಟ್ಟರಂತೆ, ಸೆಕೆಂಡ್ ಹ್ಯಾಂಡ್ ಹುಡುಕಿ ಕೊಂಡಿದ್ದೀಯ. ಅದೂ ಕೆಟ್ಟರೆ?

ಚಿತ್ರ ಮಾಡೋಕೆ ನೀನು ಬಳಸೋ ಪ್ರೊಸೆಸಿಂಗ್ ಅನ್ನೋ ಸಾಫ್ಟ್‌ವೇರ್ ಶುರುವಾಗಿದ್ದು 2001ರಲ್ಲಿ ಅಂತ ಬರೆದಿದ್ದೆ. ನನಗೆ ಆ ವರ್ಷ ಅಂದರೆ ಫೆಬ್ರವರಿ 28, ಕೆಜಿಎಫ್ ಗಣಿ ಮುಚ್ಚಿದ ದಿನ. ಅಲ್ಲಿನ ರಾಬರ್ಟ್‌ಸನ್‌ಪೇಟೆಯಲ್ಲಿ ನನ್ನ ಕೈಲಿ ಬೋರ್ಡು ಬರೆಸುತ್ತಿದ್ದ ಅಂಗಡಿಯವರು ಆಮೇಲೆ ಕರೆಯೋದನ್ನೇ ಬಿಟ್ಟರು. ಹಿಂದೆಯೇ ಫ್ಲೆಕ್ಸ್ ಬಂತು. ನಾನೂ ಒಂದು ಫ್ಲೆಕ್ಸ್ ಅಂಗಡಿಗೆ ಕೂಲಿಗೆ ಸೇರಿದೆ.

ಇಲ್ಲೇ ದೊಡ್ಡಪೇಟೆಯ ಬಟ್ಟೆ ಅಂಗಡಿಯೊಂದಕ್ಕೆ ಮೂರು ದಿನ ಕೂತು ಬರೆದ ಬೋರ್ಡಿತ್ತು. ಕೆಂಪು ಅಕ್ಷರ, ಹಳದಿ ಶೇಡು. 'ಶ್ರೀ' ಒಂದಕ್ಕೇ ಅರ್ಧ ದಿನ ಹಿಡಿದಿತ್ತು. ಸಾಹುಕಾರರು ಫ್ಲೆಕ್ಸ್ ಮಾಡಿಸಿದರು, "ಬೇರೆ ಫ್ರೇಮ್ ಯಾಕೆ, ಇದರ ಮೇಲೇ ಹೊಡಿ" ಅಂದರು. ಹೊಡೆದೆ. ಮೊದಲ ಮೊಳೆ 'ಶ್ರೀ'ಯ ಹೊಟ್ಟೆಗೇ ಬಿತ್ತು. ಏಣಿ ಇಳಿದು ಕೂಲಿ ಎಣಿಸಿಕೊಂಡು ಬಂದೆ, ನಿಮ್ಮ ದೊಡ್ಡಮ್ಮನಿಗೂ ಹೇಳಲಿಲ್ಲ.

ಎದುರಿಗೇ ಫೋಟೋ ಸ್ಟುಡಿಯೋ ಇತ್ತು. ಅವರ ಬೋರ್ಡೂ ನನ್ನದೇ. ಒಂದು ಫೋಟೋ ಹೊಡಿಯಪ್ಪ ಅಂತ ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಕೇಳಲಿಲ್ಲವಲ್ಲ. ಬೋರ್ಡು ಹೋಯಿತು ಅನ್ನೋದಕ್ಕಿಂತ ಇದು ಹೆಚ್ಚು ಉರಿಯುತ್ತೆ. ಮೊನ್ನೆ ನಿನ್ನ ತಮ್ಮ "ನೀನು ಏನು ಬರೀತಿದ್ದೆ?" ಅಂದ. ಬೆರಳಲ್ಲಿ ಗಾಳಿಯಲ್ಲಿ ಬರೆದು ತೋರಿಸಿದೆ. ಅವನಿಗೆ ಏನು ಕಾಣಬೇಕು!

ಅದಕ್ಕೇ ಹೇಳೋದು, ವಿಡಿಯೋ ತೆಗೆದಿಡು. ಸ್ಕ್ರೀನ್ ಒಂದನ್ನೇ ಅಲ್ಲ, ಎದುರು ನಿಂತವರನ್ನೂ. ಮಕ್ಕಳು ಕೈ ಎತ್ತಿದಾಗ ಹಕ್ಕಿ ಹಾರಿತು ಅಂದೆಯಲ್ಲ, ಆ ಮಕ್ಕಳ ಮುಖ ಬೇಕು. ಯಾವ ವರ್ಷನ್, ಯಾವ ವೈರು ಎಲ್ಲಿಗೆ, ಅದನ್ನೂ ನೋಟ್‌ಬುಕ್ಕಲ್ಲಿ ಬರೆದಿಟ್ಟರೆ... ಇದೆಲ್ಲ ನಿನಗೆ ಗೊತ್ತೇ ಇರುತ್ತೆ, ಬೈಕೋಬೇಡ. ರಫಲ್ ಅಂತ ಒಂದಿದೆಯಂತೆ, ಹಳೇ ಫ್ಲ್ಯಾಶ್ ಕೆಲವು ಅದರಲ್ಲಿ ತೆರೆಯುತ್ತಂತೆ. ಪಕ್ಕದ ಮನೆ ಹುಡುಗ ಹೇಳಿದ. ನಿಮ್ಮ ಮೇಡಂಗೆ ತಿಳಿಸು.

ಆಫೀಸಲ್ಲಿ ದಿನವಿಡೀ ಬೇರೆಯವರ ಬಟನ್ನಿಗೆ ಬಣ್ಣ ಬದಲಾಯಿಸ್ತೀನಿ ಅಂತ ಬೇಜಾರು ಮಾಡ್ಕೊಂಡಿದ್ದೀಯ. ನಾನು ಎರಡು ವರ್ಷ ಮೇಸ್ತ್ರಿಯ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ತೊಳೆದೆ. ಅದರಿಂದ ಏನಾದರೂ ಕಲಿತೆನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಆದರೂ ರಾತ್ರಿ ಅರ್ಧ ಗಂಟೆ ನಿನ್ನದು ಅಂತ ಏನಾದರೂ ಮಾಡ್ತಿರು, ಸಾಧ್ಯವಾದರೆ.

ಯುಗಾದಿಗೆ ಬರುವಾಗ ಆ ಕ್ಯಾಮೆರಾ ತಾ. ಹಾಲ್‌ನ ಗೋಡೆಗೆ ಸುಣ್ಣ ಹೊಡೆಸಿದ್ದೀನಿ, ಬೆಳ್ಳಗಿದೆ. ನನ್ನ ಬಲಗೈ ಈಗ ಭುಜದ ಮೇಲಕ್ಕೆ ಏಳಲ್ಲ. ಅಷ್ಟಕ್ಕೇ ಹಕ್ಕಿ ಹಾರುತ್ತಾ, ನೋಡಬೇಕು.

ನಿನ್ನ
ದೊಡ್ಡಪ್ಪ