ಚಿಪ್ಪಿನೊಳಗಿನ ವಿಷದ ಅರಿವಿರಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ಮಲ್ಪೆ ಕಡಲತೀರದಲ್ಲಿ ಪುಟ್ಟ ಹುಡುಗಿಯೊಬ್ಬಳು ಕಂದು ಚುಕ್ಕೆಗಳ, ಶಂಕುವಿನಾಕಾರದ ಚಿಪ್ಪೊಂದನ್ನು ಒದ್ದೆ ಮುಷ್ಟಿಯಲ್ಲಿ ಬಿಗಿಹಿಡಿದು ನಿಂತಿದ್ದನ್ನು ಕಂಡು ನನ್ನ ಎದೆ ಧಸಕ್ಕೆಂದಿತು; ಪುಣ್ಯಕ್ಕೆ ಅದು ಖಾಲಿಯಾಗಿತ್ತು. ಕೋನ್ ಸ್ನೇಲ್ ಎಂಬ ಈ ಕಡಲ ಬಸವನಹುಳುಗಳಲ್ಲಿ ಕೆಲವು ಜಾತಿಗಳು ಮೀನನ್ನೇ ಬೇಟೆಯಾಡುತ್ತವೆ. ಅವುಗಳಲ್ಲೊಂದಾದ, ಹವಳದ ದಿಬ್ಬಗಳಲ್ಲಿ ವಾಸಿಸುವ ಕೋನಸ್ ಜಿಯಾಗ್ರಫಸ್‌ನ ವಿಷದಲ್ಲಿ ಮೀನಿನ ಇನ್ಸುಲಿನ್ನನ್ನು ಹೋಲುವ ಪೆಪ್ಟೈಡ್ (ಕಿರು ಪ್ರೋಟೀನ್) ಇದ್ದು, ನೀರಿಗೆ ಬಿಟ್ಟಾಗ ಅದು ರಕ್ತದ ಸಕ್ಕರೆಯನ್ನು ಇಳಿಸಿ ಮೀನಿನ ಈಜನ್ನು ಮಂದಗೊಳಿಸುತ್ತದೆಂದು 2015ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಬೆಚ್ಚಿ ಬಾಲ ಬೀಸಿ ಪಾರಾಗಬೇಕಾದ ಮೀನು ಮಂಕಾಗಿ ನಿಂತಿರುವಾಗ, ಹುಳು ಬೀಸುಬಲೆಯಂತೆ ಬಾಯಿ ಅಗಲಿಸಿ ಅದನ್ನು ಒಳಗೆಳೆದುಕೊಂಡು ಬಳಿಕ ವಿಷದ ಮುಳ್ಳು ಚುಚ್ಚುತ್ತದೆ. ಇದೇ ಜಾತಿ ಮನುಷ್ಯರ ಜೀವವನ್ನೂ ತೆಗೆದಿದೆ, ಪ್ರತಿವಿಷವಿಲ್ಲ. ಜೀವವಿರುವ ಚಿಪ್ಪು ಮುಟ್ಟಬಾರದೆಂಬ ಕನ್ನಡ ಫಲಕವನ್ನು ಮಲ್ಪೆಯಲ್ಲೂ ಸೇಂಟ್ ಮೇರೀಸ್ ದ್ವೀಪದಲ್ಲೂ ಹಾಕಿಸಬೇಕೆಂದು ಸಂಬಂಧಪಟ್ಟವರಲ್ಲಿ ಕಳಕಳಿಯಿಂದ ಕೋರುತ್ತೇನೆ.

– ಓರ್ವ ಓದುಗ, ಉಡುಪಿ